ಕುಲುಮೆಯೂ ಕಂಬಾರಸಾಲಿಯೂ

ಇಂದುಮತಿಯ ಅರವತ್ತೊಂದನೆಯ ಹುಟ್ಟುಹಬ್ಬಕ್ಕೆ ಮಗಳು ಹರಿಪ್ರಿಯಾ ಕೊಟ್ಟ ಉಡುಗೊರೆ ಒಂದು ಕೈತಪ್ಪಿನಿಂದ ಬಂದದ್ದು. ಅಮ್ಮನನ್ನು ಬೆಳ್ಳಿಯ ಓಲೆ, ಉಂಗುರ ಮಾಡುವುದನ್ನು ಕಲಿಸುವ ಶನಿವಾರದ ಕ್ಲಾಸಿಗೆ ಸೇರಿಸಬೇಕೆಂದು ಅವಳಿಗೆ ಆಸೆಯಿತ್ತು. ಆಸ್ಪತ್ರೆಯ ಡ್ಯೂಟಿಯ ನಡುವೆ, ಲಿಫ್ಟಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಹುಡುಕಿ, 'ಸ್ಮಿತ್' ಎಂದು ಕಂಡ ಮೊದಲ ಕ್ಲಾಸಿಗೆ ಅಮ್ಮನ ಹೆಸರು ಕೊಟ್ಟುಬಿಟ್ಟಳು. ಅದು 'ಸಿಲ್ವರ್‌ಸ್ಮಿತ್' ಎನ್ನುವ ಅಕ್ಕಸಾಲಿಗರ ಕ್ಲಾಸಲ್ಲ, 'ಬ್ಲ್ಯಾಕ್‌ಸ್ಮಿತ್' ಎನ್ನುವ ಕಮ್ಮಾರರದು ಎಂದು ಗೊತ್ತಾದದ್ದು, "ದಯವಿಟ್ಟು ಹತ್ತಿ ಬಟ್ಟೆ ಹಾಕಿಕೊಂಡು ಬನ್ನಿ, ನೈಲಾನಿಗೆ ಬೇಗ ಬೆಂಕಿ ಹಿಡಿಯುತ್ತದೆ" ಎಂಬ ಈಮೇಲು ಬಂದ ಮೇಲೆ.

"ಅಯ್ಯೋ ಅಮ್ಮ, ಸಾರಿ. ಇವತ್ತೇ ಕ್ಯಾನ್ಸಲ್ ಮಾಡಿಸ್ತೀನಿ" ಎಂದಳು ಹರಿಪ್ರಿಯಾ.

"ಬೇಡ ಕಣೇ. ಒಂದು ಸಲ ಹೋಗಿ ನೋಡ್ಕೊಂಡ್ ಬರ್ತೀನಿ."

ಹಾಗೆ ಹೇಳುವಾಗ ಇಂದುಮತಿಯ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಶನಿವಾರ ಬೆಳಗ್ಗೆ ಮನೆಯಿಂದ ಹೊರಬೀಳಲು ಒಂದು ನೆಪ ಸಿಕ್ಕಿತಲ್ಲ, ಅಷ್ಟೇ. ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಡುವ ಡಾಕ್ಟರಾಗಿದ್ದವಳು ಅವಳು. ಜನರನ್ನು ಮಲಗಿಸುವುದೇ ಆಯುಷ್ಯದ ಕೆಲಸ. ಗಂಡ ತೀರಿಕೊಂಡ ಮೇಲೆ ಡ್ಯಾನ್‌ವಿಲ್‌ನ ಆ ದೊಡ್ಡ ಮನೆಯೂ ಔಷಧಿ ಕೊಟ್ಟು ಮಲಗಿಸಿದ ಹಾಗೆ ಆಗಿತ್ತು. ಫ್ರಿಜ್ಜು ಗುಂಯ್‌ಗುಡುವುದು, ಪಕ್ಕದ ಮನೆಯವರು ಹುಲ್ಲು ಕತ್ತರಿಸುವುದು, ಮತ್ತೆ ಮೌನ. ಮಗಳು ಅಳಿಯ ಮೆನ್ಲೋ ಪಾರ್ಕ್ ಎಂಬ ಊರಿನಲ್ಲಿದ್ದರು. ಭಾನುವಾರ ತಪ್ಪದೆ ಬಂದು, ಊಟ ಮಾಡಿ, ಪಾತ್ರೆ ತೊಳೆದಿಟ್ಟು ಹೋಗುತ್ತಿದ್ದರು. ಬಲು ಒಳ್ಳೆಯ ಮಕ್ಕಳು. ಜಗಳ ಕಾಯಲು ಕೂಡ ಕಾರಣ ಕೊಡದಷ್ಟು ಒಳ್ಳೆಯವರು.

ಡ್ಯಾನ್‌ವಿಲ್‌ನಿಂದ 680ನೇ ಹೆದ್ದಾರಿ ಹಿಡಿದರೆ ಬೆರ್ರಿಯೆಸಾಕ್ಕೆ ನೇರ ದಾರಿ. ರೈಲು ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ, ಟೈರಿನ ಅಂಗಡಿಗೂ ಅಡುಗೆಮನೆ ಕಟ್ಟೆಯ ಕಲ್ಲು ಕೊಯ್ಯುವವರಿಗೂ ನಡುವೆ ಒಂದು ತಗಡಿನ ಶೆಡ್ಡು. ಬಾಗಿಲಲ್ಲಿ ಬೋರ್ಡೂ ಇರಲಿಲ್ಲ. ಒಳಗಿನಿಂದ ಬರುತ್ತಿದ್ದ ಢಣ್ ಢಣ್ ಸದ್ದು ಕೇಳಿಯೇ ಇಂದುಮತಿ ಕಾರು ನಿಲ್ಲಿಸಿದಳು. ಕಾಲಿಟ್ಟ ತಕ್ಷಣ ಕತ್ತಲೆ. ಆ ಕತ್ತಲೆಯ ನಡುವೆ ಒಂದು ಹಿಡಿ ಬೆಂಕಿ.

ಕಲಿಸುವವಳು ಡೊಲೊರೆಸ್ ಎಂಬಾಕೆ. ನರೆತ ಜಡೆ, ಮೊಣಕೈವರೆಗೆ ಕಿಡಿ ಬಿದ್ದ ಕಲೆಗಳು, ತೆರೆದ ಗಂಟಲಿನ ನಗು. ಕಬ್ಬಿಣ ಬಡಿಯುವುದರಷ್ಟೇ ಮಧ್ಯಯುಗದ ಮೇಲೂ ಅವಳಿಗೆ ಹುಚ್ಚು ಪ್ರೀತಿ. ಎಂಟು ನೂರು ವರ್ಷದ ಹಿಂದಿನ ಕಮ್ಮಾರ ಹೇಗೆ ಕೆಲಸ ಮಾಡುತ್ತಿದ್ದನೋ ಹಾಗೇ ಅವಳ ಶೆಡ್ಡಿನಲ್ಲೂ ನಡೆಯಬೇಕು: ಇದ್ದಿಲಿನ ಬೆಂಕಿ, ಗಾಳಿ ಊದುವ ತೊಗಲಿನ ತಿದಿ, ಮರದ ತೊಟ್ಟಿಯಲ್ಲಿ ನೀರು.

"ಇಷ್ಟು ಕತ್ತಲೆ ಯಾಕೆ ಅಂದುಕೊಂಡಿರಿ?" ಎಂದು ಬಂದವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಕೇಳಿದಳು. "ಬಿಸಿಲು ಬಿದ್ದರೆ ಕಾದ ಕಬ್ಬಿಣದ ಬಣ್ಣ ಕಾಣುವುದಿಲ್ಲ. ಕೆಂಪೋ, ಕಿತ್ತಳೆಯೋ, ಹಳದಿಯೋ, ಅದನ್ನು ನೋಡಿಯೇ ಏಟು ಹಾಕಬೇಕು. ಹಳೆಯ ಕಮ್ಮಾರರು ಕಿಟಕಿ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದರು."

ಆಮೇಲೆ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಸಾಲಾಗಿ ಕಬ್ಬಿಣದ ಅಕ್ಷರಗಳ ಹಲಗೆಗಳು. ಪ್ರತಿ ವಸಂತದಲ್ಲಿ ಹತ್ತಿರದ ಪಾರ್ಕಿನಲ್ಲಿ ಒಂದು ಮಧ್ಯಯುಗದ ಮೇಳ ನಡೆಯುತ್ತದಂತೆ. ಅಲ್ಲಿ ಡೊಲೊರೆಸ್ ಮತ್ತು ಅವಳ ಶಿಷ್ಯರು ಬಯಲಿನಲ್ಲಿ ಹಳೇ ಕಾಲದ ಕಮ್ಮಾರನ ಮನೆ ಎಬ್ಬಿಸುತ್ತಾರೆ. ಅದರ ಬಾಗಿಲಿಗೆ ತೂಗುಹಾಕುವ ಹೆಸರು ಪ್ರತಿ ವರ್ಷ ಒಂದೊಂದು ಭಾಷೆಯದು. ಇಂಗ್ಲಿಷಿನ 'ಸ್ಮಿತಿ' ಆಗಿಹೋಗಿತ್ತು, ಫ್ರೆಂಚರ 'ಫೋರ್ಜ್' ಆಗಿತ್ತು, ಅವಳ ಅಜ್ಜಿಯ ಸ್ಪ್ಯಾನಿಷ್ ಮಾತಿನ 'ಫ್ರಾಗ್ವಾ' ಆಗಿತ್ತು. ಜಪಾನಿಯರ 'ಕಾಜಿಯಾ', ಇರಾನಿಯರ 'ಆಹಂಗರಿ' ಕೂಡ ಇದ್ದವು.

"ಈ ಸಲ ಯಾರ ಸರದಿ ನೋಡೋಣ" ಎನ್ನುತ್ತ ಡೊಲೊರೆಸ್ ತಿದಿಯ ಹಿಡಿ ಒತ್ತಿದಳು. ಬೆಂಕಿ ಭುಸ್ ಎಂದಿತು, ಕಿಡಿಗಳು ಎದ್ದವು. ಒಂದು ಕಿಡಿ ಇಂದುಮತಿಯ ಅಂಗೈಗೆ ತಾಕಿತು.

"ಅಯ್ಯಪ್ಪಾ!"

"ಕನ್ನಡದವ್ರೇನ್ರೀ?" ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿ ನೋಡಿದರೆ ಎತ್ತರದ ಮನುಷ್ಯ. ಬಿಳಿ ಮೀಸೆ, ಹಣೆಯಲ್ಲಿ ತೆಳ್ಳಗೆ ವಿಭೂತಿ, ಮೈಮೇಲೆ ತೊಗಲಿನ ಏಪ್ರನ್ನು. "ನಾ ಗುರುಶಾಂತಪ್ಪ ಅಂತ್ರಿ, ಗದಗ ಕಡಿ. ಇಲ್ಲೇ ಬಾಜೂಕ ಬೆರ್ರಿಯೆಸಾದಾಗ ಮಗನ ಮನಿ ಅದ."

"ನಾನು ಇಂದುಮತಿ. ಮೈಸೂರು."

ಡೊಲೊರೆಸ್‌ಗೆ ಖುಷಿಯೋ ಖುಷಿ. ಒಂದೇ ಭಾಷೆಯ ಇಬ್ಬರು! ತಿದಿ ತೋರಿಸಿ, "ನಿಮ್ಮಲ್ಲಿ ಇದಕ್ಕೇನು ಹೇಳುತ್ತೀರಿ?" ಎಂದಳು. ಇಬ್ಬರೂ ಒಟ್ಟಿಗೆ "ತಿದಿ" ಎಂದರು. ಕೆಂಡದಿಂದ ಕಬ್ಬಿಣ ಎತ್ತುವ ಚಿಮಟ ತೋರಿಸಿದಳು. "ಇಕ್ಕಳ" ಎಂದರು ಇಬ್ಬರೂ. ಬಡಿಯಲು ಕೆಳಗಿಟ್ಟ ದಪ್ಪ ಕಬ್ಬಿಣದ ದಿಮ್ಮಿ ತೋರಿಸಿದಳು. ಅದಕ್ಕೂ "ಅಡಿಗಲ್ಲು" ಎಂದು ಜೋಡಿ ಉತ್ತರ ಬಂತು. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಕಡೆಗೆ ಡೊಲೊರೆಸ್ ಎರಡು ಕೈ ಅಗಲಿಸಿ ಇಡೀ ಶೆಡ್ಡನ್ನು ತೋರಿಸಿ, "ಇದಕ್ಕೆ?" ಎಂದಳು.

"ಕುಲುಮೆ" ಎಂದಳು ಇಂದುಮತಿ.

"ಕಂಬಾರಸಾಲಿ" ಎಂದರು ಗುರುಶಾಂತಪ್ಪ.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಕುಲುಮಿ ಅಂದ್ರ ಬೆಂಕಿ ಇರೂ ಒಲಿ ಅಷ್ಟರೀ" ಎಂದರು ಅವರು. "ಮನೀಗೆ ಒಲಿ ಅಂತ ಯಾರಾರ ಹೆಸರಿಡ್ತಾರೇನು?"

"ಯಾಕಿಡಬಾರದು? ಒಲೆ ಇದ್ರೇ ತಾನೆ ಅದು ಕಮ್ಮಾರನ ಮನೆ ಆಗೋದು? ನಮ್ಮ ಕಡೆ ಎರಡಕ್ಕೂ ಕುಲುಮೆ ಅಂತಲೇ ಹೇಳೋದು. ಅದಿರಲಿ, ನಿಮ್ಮಲ್ಲಿ ಸಾಲಿ ಅಂದ್ರೆ ಸ್ಕೂಲಲ್ವೇ?"

"ಹೌದ್ರಿ. ಅಕ್ಷರ ಕಲಿಯೂದು ಒಂದು ಸಾಲಿ, ಕಬ್ಬಿಣ ಬಡಿಯೂದು ಇನ್ನೊಂದು ಸಾಲಿ. ನಿಮ್ಮ ಅಕ್ಕಸಾಲಿಗನೊಳಗೂ ಅದೇ ಸಾಲಿ ಕುಂತದ ನೋಡ್ರಿ."

ಮಾತು ಸರಿಯಾಗಿತ್ತು; ಅದಕ್ಕೇ ಇಂದುಮತಿಗೆ ರೇಗಿತು. ರೇಗಿದ ಮೇಲೆ ಏನೋ ಹಾಯೆನಿಸಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವರಿಗೆ ಹೇಳಬೇಕಿದ್ದ ಉತ್ತರಗಳನ್ನು ಒಬ್ಬಳೇ ಜೋರಾಗಿ ಹೇಳಿಕೊಳ್ಳುತ್ತ ಕಾರು ಓಡಿಸಿದಳು. ಸ್ಯಾನ್ ರಮೋನ್ ದಾಟಿದ್ದೂ ತಿಳಿಯಲಿಲ್ಲ.

ಮುಂದಿನ ಶನಿವಾರವೂ ಹೋದಳು, ಅದರ ಮುಂದಿನದೂ. ಈ ಸಲದ ಹಲಗೆ ಕನ್ನಡದ್ದೇ ಎಂದು ಡೊಲೊರೆಸ್ ಸಾರಿಬಿಟ್ಟಿದ್ದಳು. ಯಾವ ಪದ ಎನ್ನುವುದು ಮಾತ್ರ ಇತ್ಯರ್ಥವಾಗಲಿಲ್ಲ. ಇಬ್ಬರೂ ತಂತಮ್ಮ ಪದವನ್ನು ಕಬ್ಬಿಣದಲ್ಲಿ ಬರೆಯಲು ಶುರುಮಾಡಲಿ, ಆಮೇಲೆ ನೋಡೋಣ ಎಂದು ತೀರ್ಮಾನವಾಯಿತು.

ಇಂದುಮತಿಗೆ ಹೊಡೆಯುವುದು ಕಷ್ಟವಾಗಲಿಲ್ಲ, ಕಾಯುವುದು ಕಷ್ಟವಾಯಿತು. ಸರಳು ಕೆಂಪಾದ ಕೂಡಲೇ ಎತ್ತಿಬಿಡುವಳು. ಎರಡೇಟಿಗೆ ಅದು ಕಪ್ಪಾಗಿ ಮೊಂಡು ಹಿಡಿಯುವುದು. ಗುರುಶಾಂತಪ್ಪನವರದು ತದ್ವಿರುದ್ಧ. ಮೂವತ್ತು ವರ್ಷ ಚಿಪ್ ಕಂಪನಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳನ್ನು ಪರೀಕ್ಷೆ ಮಾಡಿ ನಿವೃತ್ತರಾದವರು ಅವರು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಕಾಯುತ್ತ ಕೂತು ಸರಳಿನ ತುದಿಯನ್ನೇ ಸುಟ್ಟುಬಿಡುತ್ತಿದ್ದರು.

"ತೆಗೀರಿ, ತೆಗೀರಿ, ಕಿಡಿ ಹಾರ್ತಿದೆ!" ಎಂದು ಇವಳು ಕೂಗುವುದು.

"ತಡೀರಿ, ಇನ್ನೂ ಹಳದಿ ಆಗಿಲ್ಲ, ಇಡ್ರಿ ಒಳಗ!" ಎಂದು ಅವರು ಕೂಗುವುದು.

ಕೆಲವು ವಾರಗಳಲ್ಲಿ ಹೇಗೋ ಏನೋ, ಅವಳ ಸರಳನ್ನು ಯಾವಾಗ ತೆಗೆಯಬೇಕೆಂದು ಅವರೂ, ಅವರದನ್ನು ಯಾವಾಗ ತೆಗೆಯಬೇಕೆಂದು ಅವಳೂ ಹೇಳುವುದು ರೂಢಿಯಾಗಿ, ಇಬ್ಬರ ಕೆಲಸವೂ ಹದಕ್ಕೆ ಬಂತು.

ಕನ್ನಡದ ಅಕ್ಷರಗಳು ಕಬ್ಬಿಣಕ್ಕೆಂದೇ ಹುಟ್ಟಿದವು ಎನ್ನುವುದು ಡೊಲೊರೆಸ್‌ಳ ಅಭಿಪ್ರಾಯವಾಗಿತ್ತು. ಇಂಗ್ಲಿಷಿನದೆಲ್ಲ ಕಡ್ಡಿ, ಮೂಲೆ. ಇಲ್ಲಿ ಎಲ್ಲವೂ ದುಂಡು. ಅಡಿಗಲ್ಲಿಗೆ ಒಂದು ಕಡೆ ಹೋರಿಯ ಕೊಂಬಿನಂತೆ ಚೂಪಾದ ತುದಿ ಇರುತ್ತದೆ. ಕಾದ ಸರಳನ್ನು ಅದರ ಮೇಲಿಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಕಬ್ಬಿಣ ಬೆಣ್ಣೆಯ ಹಾಗೆ ಬಾಗುತ್ತದೆ. ಇಂದುಮತಿ 'ಕ' ಮುಗಿಸಿ, ಅದರ ಬಲಗಡೆಯ ಸುರುಳಿ ಬಗ್ಗಿಸಲು ಹೊರಟಿದ್ದಳು.

"ಇದಕ್ಕೇನು ಹೆಸರು?" ಎಂದಳು ಡೊಲೊರೆಸ್.

"ಕ ಕೊಂಬು ಕು. ಕೊಂಬು ಅಂತೀವಿ" ಎಂದಳು ಇಂದುಮತಿ.

"ಕೊಂಬು ಅಂದರೆ?"

"ಕೊಂಬು ಅಂದ್ರೆ..." ಎನ್ನುತ್ತ ಇಂದುಮತಿ ಅಡಿಗಲ್ಲಿನ ತುದಿಯ ಕಡೆ ನೋಡಿದಳು. ಕೊಂಬಿನ ಮೇಲೆ ಕೊಂಬು ಬಗ್ಗಿಸುತ್ತಿದ್ದೇನೆ ಎಂದು ಹೊಳೆದು ನಗು ಉಕ್ಕಿತು. ಗುರುಶಾಂತಪ್ಪನವರಿಗೂ ಅದೇ ಕ್ಷಣಕ್ಕೆ ಹೊಳೆಯಿತು. ಇಬ್ಬರೂ ನಕ್ಕು ನಕ್ಕು, ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ಮತ್ತೆ ನಕ್ಕು, ಅಷ್ಟರಲ್ಲಿ ಸರಳು ತಣ್ಣಗಾಗಿ ಹೋಯಿತು. ಆಮೇಲೆ ಆ ಶೆಡ್ಡಿನಲ್ಲಿ ಕಾಗುಣಿತದ ಪಾಠವೇ ನಡೆಯಿತು. ಗುರುಶಾಂತಪ್ಪನವರು ಸುತ್ತಿಗೆಯ ತಾಳಕ್ಕೆ "ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ" ಎಂದು ರಾಗ ಎಳೆದರೆ ಡೊಲೊರೆಸ್ ಹಿಂದಿನಿಂದ ಹೇಳುವಳು. ಅವಳ ಬಾಯಲ್ಲಿ ಗುಡಿಸು 'ಗುಡೀಸೋ' ಆಗುತ್ತಿತ್ತು.

ಕ್ಲಾಸು ಮುಗಿದ ಮೇಲೆ ಶೆಡ್ಡಿನ ಹೊರಗಿನ ಬೆಂಚಿನಲ್ಲಿ ಇಬ್ಬರೂ ಬುತ್ತಿ ಬಿಚ್ಚುತ್ತಿದ್ದರು. ಗುರುಶಾಂತಪ್ಪನವರ ಸೊಸೆ ನಿವೇದಿತಾ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಇವಳ ಪುಳಿಯೋಗರೆ. ಹೆಂಡತಿ ನೀಲಾಬಾಯಿ ತೀರಿಕೊಂಡ ಸಂಗತಿ, ಮೊಮ್ಮಗಳು ಶಿವಾನಿಗೆ ಕನ್ನಡ ಓದಿಸುವ ಪಾಡು, ಎಲ್ಲ ಅವರು ಹೇಳುತ್ತಿದ್ದರು. ಇಂದುಮತಿಯೂ ಹೇಳುತ್ತಿದ್ದಳು. ಆದರೆ ಅದನ್ನೆಲ್ಲ ಹರಿಪ್ರಿಯಾಗೆ ಮಾತ್ರ ಹೇಳಲಿಲ್ಲ. ಮಗಳು ಕೇಳಿದರೆ "ಕ್ಲಾಸು ಚೆನ್ನಾಗಿದೆ ಕಣೇ" ಎಂದು ಮಾತು ಮುಗಿಸುತ್ತಿದ್ದಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತು.

ಮೇಳ ಹತ್ತಿರ ಬಂತು. ಪದ ಇನ್ನೂ ತೀರ್ಮಾನವಾಗಿರಲಿಲ್ಲ. ಇಂದುಮತಿ ತನ್ನ ಕಡೆಗೊಂದು ಸಾಕ್ಷಿ ಬೇಕೆಂದು ಮೈಸೂರಿನಲ್ಲಿದ್ದ ಅಣ್ಣ ದ್ವಾರಕಾನಾಥನಿಗೆ ಫೋನು ಮಾಡಿದಳು. ಅಪ್ಪನ ಮನೆಯಿದ್ದ ಬೀದಿಯ ತುದಿಯಲ್ಲಿ ಟಾಂಗಾ ಸ್ಟ್ಯಾಂಡಿತ್ತು. ಅದರ ಪಕ್ಕದಲ್ಲೇ ಕುದುರೆಗಳಿಗೆ ಲಾಳ ಹೊಡೆಯುವ ಜಾಗ. ಬೆಳಗಾದರೆ ಅಲ್ಲಿಂದ ಬರುತ್ತಿದ್ದ ಸದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು.

"ಅಣ್ಣಾ, ಆ ಲಾಳ ಹೊಡೆಯೋ ಜಾಗಕ್ಕೆ ನಾವು ಕುಲುಮೆ ಅಂತಿದ್ವಿ ಅಲ್ವಾ?"

ಆ ಕಡೆ ದ್ವಾರಕಾನಾಥ ಯೋಚಿಸಿದ. "ಕುಲುಮೇನಾ? ಇಲ್ವಲ್ಲೇ ಇಂದು. ಲಾಳದ ಸಾಬರ ಅಂಗಡಿ ಅಂತಿದ್ವಿ. ಕುಲುಮೆ ಅನ್ನೋದು ನಿನ್ನ ಸ್ಕೂಲು ಪುಸ್ತಕದಲ್ಲಿತ್ತು. ನೀನು ಅದನ್ನ ಓದ್ಕೊಂಡು ಬಂದು, 'ಅಪ್ಪಾ, ಕುಲುಮೆ ನೋಡಕ್ಕೆ ಹೋಗೋಣ' ಅಂತ ಹಟ ಮಾಡಿದ್ರೆ ಅಪ್ಪ ಬಿದ್ದು ಬಿದ್ದು ನಗೋರು."

ಫೋನಿಟ್ಟ ಮೇಲೆ ಇಂದುಮತಿ ಸೋಫಾದಲ್ಲಿ ಕೂತು ತಾನೂ ಹಾಗೇ ನಕ್ಕಳು. ಖಾಲಿ ಮನೆಯಲ್ಲಿ ಒಬ್ಬಳೇ ಅಷ್ಟು ಹೊತ್ತು ನಕ್ಕದ್ದು ಅದೇ ಮೊದಲು.

ಶನಿವಾರ ಶೆಡ್ಡಿಗೆ ಹೋದವಳೇ, "ಗುರುಶಾಂತಪ್ಪನವರೇ, ನೀವೇ ಗೆದ್ರಿ. ನನ್ನದು ಪುಸ್ತಕದ ಪದ, ನಿಮ್ಮದು ಬಾಯಿ ಮಾತು. ಕಂಬಾರಸಾಲಿ ಅಂತಲೇ ಹಾಕೋಣ" ಎಂದಳು.

ಅವರ ಮುಖ ಸಪ್ಪಗಾಯಿತು. "ಛೇ ಛೇ, ಹಂಗೆಂಗ್ರೀ? ನಾ ನಿನ್ನೆ ರಾತ್ರಿ ವಿಚಾರ ಮಾಡಿ, ಕುಲುಮೆ ಅಂತಾನ ಇರ್ಲಿ ಅಂತ ಹೇಳಾಕ ಬಂದೀನಿ. ಮೂರ ಅಕ್ಷರ, ನೋಡಾಕ ಚೆಂದ."

"ಬೇಡ. ಕಂಬಾರಸಾಲಿ."

"ಏನ್ರೀ ನೀವು? ಕುಲುಮೆ ಅಂದ್ರ ಕುಲುಮೆ!"

"ನೀವು ಏನು ಹೇಳಿದ್ರೂ ನಾನು ಕೇಳಲ್ಲ!"

ಡೊಲೊರೆಸ್ ಓಡಿ ಬಂದಳು. ಮೂರು ತಿಂಗಳಿಂದ ಕೇಳಿ ಕೇಳಿ ಎರಡೂ ಪದಗಳು ಅವಳಿಗೆ ಬಾಯಿಪಾಠವಾಗಿದ್ದವು. "ನಿಲ್ಲಿ, ನಿಲ್ಲಿ. ಹೋದ ವಾರ ನೀವು ಅದು ಅಂತಿದ್ದಿರಿ, ಇವರು ಇದು ಅಂತಿದ್ದರು. ಈಗ ಅದಲು ಬದಲು ಮಾಡಿಕೊಂಡು ಮತ್ತೆ ಜಗಳವೇ?" ಎಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ಆಮೇಲೆ ಅವಳೇ ಹೇಳಿದಳು: ಹಲಗೆ ತೂಗುಹಾಕುವಂಥದ್ದು, ಅದಕ್ಕೆ ಎರಡು ಮುಖ ಇದೆ. ಬರುವವರು ಒಂದು ಓದಲಿ, ಹೋಗುವವರು ಇನ್ನೊಂದು ಓದಲಿ. ತಲೆಕೆಡಿಸಿಕೊಳ್ಳದೆ ಬೆಂಕಿ ಹಚ್ಚಿ.

ಅವತ್ತು ಬುತ್ತಿ ಬಿಚ್ಚುವಾಗ ಗುರುಶಾಂತಪ್ಪನವರು ಒಂದು ಡಬ್ಬಿಯನ್ನು ಮಾತ್ರ ಬಿಚ್ಚದೆ ಪಕ್ಕಕ್ಕಿಟ್ಟರು.

"ಇಂದುಮತಿಯವ್ರ, ಒಂದ್ ಮಾತು ಕೇಳ್ಲೇನ್ರಿ? ಸಿಟ್ಟಾಗಬಾರದು."

"ಹಲಗೆ ವಿಷಯವಾದ್ರೆ ಬೇಡ."

"ಅದಲ್ರಿ." ಅವರು ಮೀಸೆಯ ಮೇಲಿನ ಚಟ್ನಿ ಪುಡಿ ಒರೆಸಿಕೊಂಡರು. "ಶನಿವಾರ ಒಂದ ನನಗ ದಿನ ಅಂತ ಅನಸ್ತದ. ಉಳಿದದ್ದೆಲ್ಲಾ ಬರೇ ಕಾಯೂದು. ಈ ವಯಸ್ಸಿನಾಗ ಹಿಂಗ ಕಾಯೂದು ಛಲೋ ಅಲ್ಲ. ಕೂಡಿ ಇರೂಣೇನ್ರಿ? ಮದುವಿ ಮಾಡಿಕೊಂಡು ಅಂತೀನಿ, ಹಂಗ ಸುಮ್ನ ಅಲ್ಲ ಮತ್ತ."

ಇಂದುಮತಿಯ ಕೈಯಲ್ಲಿದ್ದ ರೊಟ್ಟಿ ಪುಡಿಪುಡಿಯಾಗಿ ತೊಡೆಯ ಮೇಲೆ ಬಿತ್ತು. ಎದೆಯೊಳಗೆ ಯಾರೋ ತಿದಿ ಒತ್ತಿದಂತಾಯಿತು. ಬೇಡ ಎನ್ನುವ ಮಾತು ಬಾಯಿಗೆ ಬರಲೇ ಇಲ್ಲ. ಬಂದದ್ದು ಬೇರೆ.

"ನನ್ನ ಮಗಳಿಗೆ ನಿಮ್ಮ ಹೆಸರು ಕೂಡ ಗೊತ್ತಿಲ್ಲ. ಅವಳಿಗೆ ಮೊದಲು ಹೇಳ್ಬೇಕು."

"ಹೇಳ್ರಿ ಹೇಳ್ರಿ, ಅವಸರಿಲ್ಲ. ನಮ್ಮ ಮನ್ಯಾಗಂತೂ ಎಲ್ಲಾರಿಗೂ ಗೊತ್ತದ. ಅದಕ್ಕ ನಿವೇದಿತಾ ಇವತ್ತ ಶೇಂಗಾ ಹೋಳಿಗಿ ಬ್ಯಾರೆ ಕಟ್ಯಾಳ" ಎಂದು ಅವರು ಇನ್ನೊಂದು ಡಬ್ಬಿ ತೆಗೆದರು.

ಮೇಳದ ದಿನ ಪಾರ್ಕಿನ ತುಂಬ ಬಾವುಟಗಳು. ತಗಡಿನ ಕವಚ ತೊಟ್ಟ ಯೋಧರು, ಕೊಳಲು ಊದುವವರು, ಉದ್ದ ಗೌನಿನ ರಾಣಿಯರು, ತಳ್ಳುಗಾಡಿಯಲ್ಲಿ ಮಲಗಿದ ಕೂಸುಗಳಿಗೂ ಕಿರೀಟ. ಮೂಲೆಯಲ್ಲಿ ಹುಲ್ಲಿನ ಚಾವಣಿ ಹೊದಿಸಿದ ಕಮ್ಮಾರನ ಮನೆ ಎದ್ದಿತ್ತು. ಡೊಲೊರೆಸ್ ಹೊಲಿಸಿಟ್ಟಿದ್ದ ಗೋಣಿಯಂಥ ನಿಲುವಂಗಿಯನ್ನು ಇಂದುಮತಿ ಒಪ್ಪಲಿಲ್ಲ. ಹತ್ತಿ ಸೀರೆಗೆ ಕಚ್ಚೆ ಹಾಕಿ, ಸೆರಗು ಬಿಗಿದು, ಮೇಲೆ ತೊಗಲಿನ ಏಪ್ರನ್ನು ಕಟ್ಟಿದಳು. ಗುರುಶಾಂತಪ್ಪನವರು ಧೋತರ ಉಟ್ಟು, ತಲೆಗೆ ರುಮಾಲು ಸುತ್ತಿದರು. ಮಧ್ಯಯುಗ ಬರೀ ಇಂಗ್ಲೆಂಡಿಗೇ ಬಂದಿತ್ತೇ?

ಬೆರ್ರಿಯೆಸಾದಿಂದ, ಫ್ರೀಮಾಂಟಿನಿಂದ ಕನ್ನಡದ ಮನೆಗಳವರು ಬಂದಿದ್ದರು. ಗುರುಶಾಂತಪ್ಪನವರ ಮಗ ಶಿವಶರಣ, ಸೊಸೆ ನಿವೇದಿತಾ ಇಬ್ಬರೂ ಇಂದುಮತಿಗೆ ನಮಸ್ಕಾರ ಮಾಡಿ, ಏನೂ ಗೊತ್ತಿಲ್ಲದವರ ಹಾಗೆ ಮುಖ ಮಾಡಿಕೊಂಡು ನಿಂತರು. ಮೊಮ್ಮಗಳು ಶಿವಾನಿ ಹಲಗೆಯ ಕೆಳಗೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಕ... ಬಾ... ರ... ಸಾ... ಲಿ. ಅಜ್ಜಾ, what's a kabara?"

ಗುರುಶಾಂತಪ್ಪನವರು ತಲೆ ಎತ್ತಿ ನೋಡಿ ಹೌಹಾರಿದರು. 'ಕ' ಅಕ್ಷರದ ಪಕ್ಕದಲ್ಲಿದ್ದ ಸೊನ್ನೆ ಮಾಯವಾಗಿತ್ತು! ಎರಡು ಶನಿವಾರ ತಟ್ಟಿ ತಟ್ಟಿ ದುಂಡಗೆ ಮಾಡಿದ ಸೊನ್ನೆ. ಹುಲ್ಲಿನಲ್ಲಿ ಹುಡುಕಿದರು, ಇದ್ದಿಲಿನ ಚೀಲದಲ್ಲಿ ಹುಡುಕಿದರು. ಅಷ್ಟರಲ್ಲಿ ದೂರದಲ್ಲಿ ಕವಚ ತೊಟ್ಟ ಒಬ್ಬ ಯೋಧ ಮರದ ಈಟಿ ಹಿಡಿದು ಮೆರವಣಿಗೆಯಲ್ಲಿ ಹೋಗುತ್ತಿದ್ದ. ಈಟಿಯ ತುದಿಯಲ್ಲಿ ಏನೋ ಕಪ್ಪಗೆ ದುಂಡಗೆ ತೂಗುತ್ತಿತ್ತು.

"ಏ ತಮ್ಮಾ! ನಿಂದ್ರೋ! ಅದು ನಮ್ಮ ಸೊನ್ನಿ!" ಎಂದು ಧೋತರ ಎತ್ತಿ ಕಟ್ಟಿಕೊಂಡು ಗುರುಶಾಂತಪ್ಪನವರು ಓಡಿದರು. ಇಂದುಮತಿ ಸುತ್ತಿಗೆ ಹಿಡಿದೇ ಅವರ ಹಿಂದೆ ಓಡಿದಳು. ಸುತ್ತಿಗೆ ಹಿಡಿದ ಸೀರೆಯ ಹೆಂಗಸು ಬರುವುದನ್ನು ಕಂಡು ಯೋಧ ಈಟಿ ಕೆಳಗಿಟ್ಟು ಎರಡೂ ಕೈ ಮೇಲೆತ್ತಿದ. ದಾರಿಯಲ್ಲಿ ಸಿಕ್ಕಿತಂತೆ, ಚೆಂದ ಕಂಡಿತಂತೆ. ಪಾಪದವನು, ಸೊನ್ನೆ ವಾಪಸು ಕೊಟ್ಟು ಬಾಗಿ ನಮಿಸಿದ. ಸುತ್ತಲಿನವರು ಇದೂ ಆಟದ ಭಾಗವೆಂದುಕೊಂಡು ಕೇಕೆ ಹಾಕಿದರು.

ಹಿಂದಿರುಗಿ ಸೊನ್ನೆ ಕಟ್ಟುವಾಗ, "ತಂತಿ ಸರಿಯಾಗಿ ಬಿಗೀರಿ ಅಂತ ನಾನು ಹೇಳಿರಲಿಲ್ವಾ?" "ನೀವು ಹೇಳಿದ್ದು ಕುಲುಮೆ ಬಾಜೂಕ ಬಿಗೀರಿ ಅಂತ!" ಎಂದು ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಡೊಲೊರೆಸ್ ಗಂಟೆ ಬಾರಿಸಿ ಜನರನ್ನು ಕರೆದಳು. ಪ್ರದರ್ಶನದ ಹೊತ್ತು. ದಪ್ಪ ಕಬ್ಬಿಣ ಹಿಗ್ಗಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಗುರುಶಾಂತಪ್ಪನವರು ಇಕ್ಕಳದಲ್ಲಿ ಕೆಂಡದಂಥ ದಿಂಡನ್ನು ಎಳೆದು ಅಡಿಗಲ್ಲಿನ ಮೇಲಿಟ್ಟು, ಏಟು ಎಲ್ಲಿ ಬೀಳಬೇಕೋ ಅಲ್ಲಿ ಸಣ್ಣ ಸುತ್ತಿಗೆಯಿಂದ ಟಿಣ್ ಎನ್ನಿಸಿದರು. ಇಂದುಮತಿ ದೊಡ್ಡ ಸುತ್ತಿಗೆ ಎತ್ತಿ ಅಲ್ಲೇ ಢಣ್ ಎನ್ನಿಸಿದಳು. ಟಿಣ್, ಢಣ್. ಟಿಣ್, ಢಣ್. ಒಂದು ಏಟೂ ತಪ್ಪಲಿಲ್ಲ. ಕಿಡಿಗಳು ಇಬ್ಬರ ನಡುವೆ ಹೂವಿನಂತೆ ಎದ್ದು ಎದ್ದು ಬಿದ್ದವು. ಜನ ತಾಳ ಹಾಕತೊಡಗಿದರು. ಇಂದುಮತಿಗೆ ಭುಜದ ನೋವು, ವಯಸ್ಸು, ಊರು, ಯಾವುದೂ ನೆನಪಿರಲಿಲ್ಲ.

ಸುತ್ತಿಗೆ ಕೆಳಗಿಟ್ಟು ಬೆವರು ಒರೆಸಿಕೊಂಡಾಗ ಎದುರಿಗೆ ಹರಿಪ್ರಿಯಾ ನಿಂತಿದ್ದಳು. ಮೇಳ ನೋಡಲು ಬಾ ಎಂದು ಇಂದುಮತಿಯೇ ಕರೆದಿದ್ದಳು; ಯಾವಾಗ ಬಂದಳೋ.

ತಾಯಿಯ ತೋಳು ಹಿಡಿದು ಮರದ ನೆರಳಿಗೆ ಕರೆದುಕೊಂಡು ಹೋಗಿ ಕೇಳಿದಳು: "ಅಮ್ಮಾ, ಆ ಅಂಕಲ್ ಯಾರು?"

ಬೆಳಗ್ಗೆ ಫ್ರೀವೇಯುದ್ದಕ್ಕೂ ಇಂದುಮತಿ ಒಂದು ನಾಜೂಕಾದ ಭಾಷಣ ಸಿದ್ಧ ಮಾಡಿಕೊಂಡಿದ್ದಳು. ಒಂದು ಶಬ್ದವೂ ನೆನಪಾಗಲಿಲ್ಲ.

"ನಾನು ಮದುವೆ ಆಗ್ಬೇಕು ಅಂತಿರೋರು."

ಹರಿಪ್ರಿಯಾ ಅಮ್ಮನ ತೋಳು ಬಿಟ್ಟಳು. "ಅಪ್ಪ..." ಎಂದು ಅಲ್ಲಿಗೇ ನಿಂತಳು.

"ಅಪ್ಪನ್ನ ಮರೆತಿಲ್ಲ ಕಣೇ."

"ಗೊತ್ತಮ್ಮ. ನಾನು ಹೇಳಕ್ಕೆ ಹೊರಟಿದ್ದು ಅದಲ್ಲ." ಅವಳ ಕಣ್ಣು ತುಂಬಿತ್ತು. "ಅಪ್ಪ ಇದ್ದಾಗ ನೀನು ಹಿಂಗೇ ಕೂಗಾಡ್ತಿದ್ದೆ. ಚಟ್ನಿಗೆ ಉಪ್ಪು, ಪಾರ್ಕಿಂಗು, ಎಲ್ಲಕ್ಕೂ ಜಗಳ. ಆಮೇಲೆ ಇಷ್ಟು ವರ್ಷ ನೀನು ಯಾರ ಹತ್ರನೂ ಜಗಳಾನೇ ಆಡ್ಲಿಲ್ಲ. ಏನು ಕೇಳಿದ್ರೂ 'ಆಯ್ತು ಕಣೇ' ಅಂತಿದ್ದೆ. I was so scared, ಅಮ್ಮ. ನೀನು ಒಳಗೊಳಗೇ ಮುಗಿದುಹೋಗ್ತಿದೀಯೇನೋ ಅಂತ. ಇವತ್ತು ಕಾರು ಪಾರ್ಕ್ ಮಾಡಿ ಬರ್ತಿದ್ರೆ ಅಷ್ಟು ದೂರದಿಂದ ನಿನ್ನ ವಾಯ್ಸು! ಯಾರಿಗೋ ಬೈತಿದೀಯ!"

ಇಂದುಮತಿ ಮಗಳನ್ನು ಎಳೆದು ಅಪ್ಪಿಕೊಂಡಳು. ಹರಿಪ್ರಿಯಾಳ ಬಿಳಿ ಅಂಗಿಯ ಮೇಲೆ ಐದೂ ಬೆರಳಿನ ಮಸಿ ಮೂಡಿತು. "ಒಗೆದ್ರೆ ಹೋಗುತ್ತೆ ಬಿಡು" ಎಂದು ಇಬ್ಬರೂ ಒಟ್ಟಿಗೆ ಮೂಗೊರೆಸಿಕೊಂಡರು. ಆಮೇಲೆ ಮಗಳು ಸೀದಾ ನಡೆದು ಹೋಗಿ, ಇಕ್ಕಳ ಹಿಡಿದು ಕಂಬದಂತೆ ನಿಂತಿದ್ದ ಗುರುಶಾಂತಪ್ಪನವರಿಗೆ ಕೈಜೋಡಿಸಿ, "ಅಂಕಲ್, ಭಾನುವಾರ ಮನೆಗೆ ಊಟಕ್ಕೆ ಬನ್ನಿ. ಅಮ್ಮ ಚಟ್ನಿಗೆ ಉಪ್ಪು ಜಾಸ್ತಿ ಹಾಕ್ತಾಳೆ, ಈಗ್ಲೇ ಹೇಳಿದೀನಿ" ಎಂದಳು.

ಇಂದುಮತಿ ಹತ್ತಿರ ಬಂದಾಗ ಅವರು ಮುಖವನ್ನೇ ನೋಡಿದರು.

"ಮದುವೆ ಆದ್ಮೇಲೆ ಇರೋದು ಡ್ಯಾನ್‌ವಿಲ್ಲೇ ಆಗ್ಬೇಕು" ಎಂದಳು ಅವಳು. "ಬೆರ್ರಿಯೆಸಾಗೆ ನಾನು ಬರಲ್ಲ. ನನ್ನ ಕರಿಬೇವಿನ ಗಿಡ ನೆಲಕ್ಕಿಟ್ಟಿದೀನಿ, ಕಿತ್ತು ತರಕ್ಕಾಗಲ್ಲ."

"ಕರಿಬೇವಿಗೆ ಯಾರು ಅಡ್ಡ ಬಂದಾರ್ರೀ?" ಎಂದು ಗುರುಶಾಂತಪ್ಪನವರು ರುಮಾಲು ಬಿಚ್ಚಿ ಕಣ್ಣೊರೆಸಿಕೊಂಡು, ಹೊಗೆ ಹೊಗೆ ಎಂದರು. ಬೆಂಕಿಯಿಂದ ಆಗ ಹೊಗೆಯೇ ಏಳುತ್ತಿರಲಿಲ್ಲ.

ಜೂನಿನಲ್ಲಿ ಮದುವೆಯಾಯಿತು. ಕಾಗದಪತ್ರದ ಕೆಲಸ ಬೆಳಗ್ಗೆ ಕೋರ್ಟಿನಲ್ಲಿ, ಊಟ ಮಧ್ಯಾಹ್ನ ಡೊಲೊರೆಸ್‌ಳ ಶೆಡ್ಡಿನಲ್ಲಿ. ದ್ವಾರಕಾನಾಥ ಮೈಸೂರಿನಿಂದ ವೀಡಿಯೊದಲ್ಲಿ ಎರಡು ಗಂಟೆ ಕೂತಿದ್ದು, ಅಲ್ಲಿಂದಲೇ ಬಡಿಸುವವರಿಗೆ ಸಲಹೆ ಕೊಟ್ಟ. ಡೊಲೊರೆಸ್ ತನ್ನ ಅಜ್ಜನ ಕಾಲದ ಅಡಿಗಲ್ಲನ್ನೇ ಉಡುಗೊರೆ ಕೊಟ್ಟಳು. ಅದನ್ನು ಡ್ಯಾನ್‌ವಿಲ್‌ನ ಗರಾಜಿಗೆ ಇಳಿಸುವುದರೊಳಗೆ ಶಿವಶರಣನಿಗೂ ಅಳಿಯ ಅನುರಾಗನಿಗೂ ಸೊಂಟ ಬಿದ್ದುಹೋಯಿತು.

ಮೊದಲ ದಿನ ಗರಾಜಿನಲ್ಲಿ ತಿದಿ, ಕುಲುಮೆ ಹೂಡಿ ನಾಲ್ಕೇಟು ಬಿದ್ದಿತ್ತೋ ಇಲ್ಲವೋ, ಎದುರು ಮನೆಯ ಅಜ್ಜಿ ರಸ್ತೆ ದಾಟಿ ಬರುವುದು ಕಾಣಿಸಿತು. ದೂರು ಹೇಳಲು ಬಂದಳೆಂದು ಇಂದುಮತಿ ಕ್ಷಮೆ ಕೇಳಲು ಸಿದ್ಧಳಾಗಿ ಹೊರಗೆ ಬಂದಳು. ಅಜ್ಜಿ ಚೀಲದಿಂದ ತುಕ್ಕು ಹಿಡಿದ ಒಂದು ಗೇಟಿನ ಕೀಲು ತೆಗೆದು ಮುಂದಿಟ್ಟಳು. ಮುರಿದು ಎರಡು ವರ್ಷವಾಯಿತಂತೆ, ಅಂಥದ್ದು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲವಂತೆ.

ಇಂದುಮತಿ ಕೀಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಒಳಗೆ ಗುರುಶಾಂತಪ್ಪನವರು ಆಗಲೇ ತಿದಿ ಒತ್ತಲು ಶುರುಮಾಡಿದ್ದರು.

"ಸಂಜೆ ಬನ್ನಿ" ಎಂದಳು ಇಂದುಮತಿ, "ಸರಿ ಮಾಡಿಟ್ಟಿರ್ತೀವಿ."